ಈ ವರ್ಷ ಬರುವುದಿಲ್ಲ

"ಇದು ತೀರಾ ಬಡಕಲಾಯ್ತಲ್ಲಮ್ಮ," ಎಂದು ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸ್ವಲ್ಪ ಮೈಕೈ ತುಂಬಿಸು."

ಅವರು ಹೇಳಿದ್ದು ಅವಳು ಕೊಟ್ಟ ಸಂಖ್ಯೆಯ ಬಗ್ಗೆ. ಕಾರ್ಖಾನೆಯ ಹೊಸ ಎಲೆಕ್ಟ್ರಿಕ್ ಕಾರು ಈ ವರ್ಷ ಮುಗಿಯುವುದರೊಳಗೆ ಎಷ್ಟು ಜನರ ಕೈ ಸೇರೀತು ಎಂಬ ಲೆಕ್ಕ ಅದು. ಅವಳ ಪ್ರಕಾರ ಮೂರು ಸಾವಿರ. ಸಾಹೇಬರ ಮನಸ್ಸಿನಲ್ಲಿದ್ದದ್ದು ಹತ್ತು ಸಾವಿರ. ಮರುದಿನ ಪತ್ರಿಕೆಯವರ ಮುಂದೆ ನಿಂತು ಅವರು ಯಾವುದಾದರೊಂದನ್ನು ಹೇಳಲೇಬೇಕಿತ್ತು. ಕಾರು ಬೇಕೆಂದು ಹೆಸರು ಬರೆಸಿ ಕೂತವರಂತೂ ಇವೆರಡಕ್ಕಿಂತಲೂ ಎಷ್ಟೋ ಪಾಲು ಹೆಚ್ಚಿದ್ದರು.

ಕೆಲಸಕ್ಕೆ ಸೇರಿದಾಗಿನಿಂದ ಅಂದಾಜು ಹಾಕುವುದೇ ಅವಳ ಉದ್ಯೋಗ. ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಅಂದಾಜಕ್ಕ. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನಿಂತರೆ, ಇವತ್ತು ಮಳೆ ಬರುತ್ತಾ ಅಕ್ಕ, ನನಗೆ ಮದುವೆ ಯಾವಾಗ ಅಕ್ಕ ಎಂದು ಹುಡುಗರು ಕಾಲೆಳೆಯುತ್ತಿದ್ದರು. ಈ ವಿದ್ಯೆ ಕಲಿಸಿದವರು ಇದೇ ಸಾಹೇಬರು. ಆಗಿನ್ನೂ ಅವರ ಕೂದಲು ಕಪ್ಪಗಿತ್ತು, ಸಂಖ್ಯೆಯ ಮೈಕೈ ತುಂಬಿಸುವ ಗೋಜಿಗೂ ಅವರು ಹೋಗುತ್ತಿರಲಿಲ್ಲ.

ಅವಳು ಇನ್ನೊಮ್ಮೆ ವಿವರಿಸಿದಳು. ಬ್ಯಾಟರಿ ವಿಭಾಗದ ಹೊಸ ಯಂತ್ರ ಗಳಿಗೆಗೊಮ್ಮೆ ಮುನಿಸಿಕೊಂಡು ನಿಲ್ಲುತ್ತಿತ್ತು. ಅದು ನಿಂತಾಗಲೆಲ್ಲ ಜನ ಕೈಯಿಂದಲೇ ಜೋಡಿಸಬೇಕು. ಬಣ್ಣ ಬಳಿದುಕೊಂಡು ಮದುಮಗಳಂತೆ ಸಿಂಗಾರವಾದ ಕಾರುಗಳು ಹೊಟ್ಟೆಯೊಳಗೆ ಬ್ಯಾಟರಿಯಿಲ್ಲದೆ ಶೆಡ್ಡಿನ ತುಂಬ ಸಾಲುಗಟ್ಟಿದ್ದವು. ಮೇಲಾಗಿ, ತಯಾರಾಗುವುದು ಬೇರೆ, ಮನೆ ಬಾಗಿಲು ಮುಟ್ಟುವುದು ಬೇರೆ. ಪರೀಕ್ಷೆಯಾಗಬೇಕು, ಲಾರಿಗೆ ಏರಬೇಕು, ಊರೂರು ಸೇರಬೇಕು.

ಸಾಹೇಬರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. "ಜನಕ್ಕೆ ಒಂದು ಆಸೆ ಬೇಕಮ್ಮ. ಈ ವರ್ಷ ಅಂದ್ರೆ ಕಾಯ್ತಾರೆ. ಮುಂದಿನ ವರ್ಷ ಅಂದ್ರೆ ಎದ್ದು ಹೋಗ್ತಾರೆ. ಕಾಯೋದ್ರಲ್ಲೂ ಒಂದು ಸುಖ ಇರುತ್ತೆ," ಎಂದರು. ಮಧ್ಯಾಹ್ನ ಊಟವಾದ ಮೇಲೆ ಬಾ ಎಂದು ಕಳಿಸಿಕೊಟ್ಟರು.

ಆ ಸುಖ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಊಟಕ್ಕೆ ಹೋಗದೆ ಶೆಡ್ಡಿನ ಪಕ್ಕದ ಕಟ್ಟೆಯ ಮೇಲೆ ಕೂತಳು.

ಅವಳು ಚಿಕ್ಕವಳಿದ್ದಾಗ ಅಪ್ಪ ಒಂದು ಕಾರಿಗೆ ಹೆಸರು ಬರೆಸಿದ್ದ. ಕಾರೆಂದರೆ ಅಂಗಡಿಗೆ ಹೋಗಿ ತರುವ ವಸ್ತುವಲ್ಲ ಆಗ. ಹೆಸರು ಬರೆಸಿ ವರ್ಷಗಟ್ಟಲೆ ದಾರಿ ಕಾಯಬೇಕು. ಆದರೆ ಅವರ ಮನೆಯಲ್ಲಿ ಕಾರು ಬರುವ ಮೊದಲೇ ಬಂದುಬಿಟ್ಟಿತ್ತು. ಭಾನುವಾರ ಸಂಜೆ ಕುರ್ಚಿಗಳನ್ನೆಲ್ಲ ನಡುಮನೆಗೆ ಎಳೆದು ಮುಂದೆರಡು, ಹಿಂದೆ ಮೂರು ಜೋಡಿಸಿದರೆ ಸವಾರಿ ಹೊರಟಂತೆ. ಅಪ್ಪ ಊಟದ ತಟ್ಟೆಯನ್ನು ಸ್ಟಿಯರಿಂಗಿನಂತೆ ತಿರುಗಿಸುತ್ತ ಬಾಯಲ್ಲೇ ಗೇರು ಬದಲಿಸುತ್ತಿದ್ದ. ಹಿಂದೆ ಅಮ್ಮ ನಡುವೆ, ಅವಳೂ ತಮ್ಮನೂ ಅಕ್ಕಪಕ್ಕ. ಗೋಡೆಯ ಕಡೆಯ ಕುರ್ಚಿ ಇಬ್ಬರಿಗೂ ಬೇಡ, ಆ ಕಡೆ ನೋಡಲು ಏನೂ ಇಲ್ಲ ಎಂದು ಜಗಳ. ತಿರುವು ಬಂತು ಎಂದು ಅಪ್ಪ ಕೂಗಿದರೆ ಎಲ್ಲರೂ ಒಂದೇ ಕಡೆ ವಾಲಬೇಕು. ಅಮ್ಮ ನಿಜಕ್ಕೂ ಹೆದರಿದವಳಂತೆ, ನಿಧಾನ ಕಣ್ರೀ, ನಿಧಾನ ಎಂದು ಅಪ್ಪನ ಭುಜ ಹಿಡಿಯುತ್ತಿದ್ದಳು.

ಮುಂದಿನ ಸೀಟು ಅಜ್ಜಿಯದು. ಅದಕ್ಕೆ ಯಾರೂ ತಕರಾರು ಎತ್ತುವಂತಿರಲಿಲ್ಲ. ಅವಳು ತಲೆ ಬಾಚಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗತ್ತಿನಿಂದ ಕೂರುವಳು. ಅರ್ಧ ದಾರಿಯಲ್ಲಿ, ಹೊಟ್ಟೆ ತೊಳಸ್ತಿದೆ ಕಣೋ, ನಿಲ್ಸು ಎಂದು ನಡುಮನೆಯಲ್ಲೇ ಇಳಿದುಬಿಡುವಳು. ನಕ್ಕು ನಕ್ಕು ತಮ್ಮ ಕುರ್ಚಿಯಿಂದ ಕೆಳಗೆ ಉರುಳುತ್ತಿದ್ದ.

ಅಜ್ಜಿಗೊಬ್ಬ ತಂಗಿಯಿದ್ದಳು, ಸಮುದ್ರದ ದಂಡೆಯ ಊರಿನಲ್ಲಿ. ಬಸ್ಸಿನಲ್ಲಿ ಹೋದರೆ ಒಂದು ಹಗಲಿನ ದಾರಿ. ಬಂದು ಹೋಗೇ, ಕಣ್ತುಂಬ ನೋಡ್ಬೇಕು ಎಂದು ಆಕೆ ಹೇಳಿ ಕಳಿಸುತ್ತಲೇ ಇದ್ದಳು. ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಹೇಳಿದಾಗಲೆಲ್ಲ ಅಜ್ಜಿ ಮೂಗು ಮುರಿಯುವಳು. "ಕಾರಲ್ಲೇ ಹೋಗಿ ಇಳೀತೀನಿ. ಅವಳು ಬಾಗಿಲಲ್ಲಿ ಬಾಯಿ ಬಿಟ್ಕೊಂಡು ನೋಡ್ಬೇಕು. ಅವಳ ಗಂಡ ಸೈಕಲ್ ತಂದಾಗ ಎಷ್ಟು ಮೆರೆದ್ಲು ಗೊತ್ತಾ ನಿಂಗೆ?"

ಏಜೆಂಟನೊಬ್ಬ ಆಗಾಗ ಮನೆಗೆ ಬರುತ್ತಿದ್ದ. ನಗುಮುಖದ, ಮೆದು ಮಾತಿನ ಮನುಷ್ಯ. ಅಜ್ಜಿ ಕೈಯಾರೆ ಅವನಿಗೆ ಟೀ ಮಾಡಿ ಕೊಡುತ್ತಿದ್ದಳು. ಅವಳ ಮುಖ ನೋಡಿ ಇಲ್ಲವೆನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಇನ್ನೇನು ಅಜ್ಜೀ, ಈ ವರ್ಷ ಬಂದೇಬಿಡುತ್ತೆ ಎನ್ನುತ್ತಿದ್ದ. ಮರುವರ್ಷವೂ ಅದೇ ಮಾತು. ಅದರ ಮರುವರ್ಷವೂ ಅದೇ.

ಕೊನೆಗೊಂದು ದಿನ ಕಾರು ಬಂತು. ಅಜ್ಜಿ ಇದ್ದಳು. ಅವಳ ತಂಗಿ ಇರಲಿಲ್ಲ.

ಅಪ್ಪ ಬಾಗಿಲು ತೆರೆದು ಅಜ್ಜಿಯನ್ನು ಮುಂದೆ ಕೂರಿಸಿಕೊಂಡು ಬೀದಿಯಲ್ಲಿ ಒಂದು ಸುತ್ತು ಹೊಡೆಸಿದ. ಚೆನ್ನಾಗಿದೆ ಕಣೋ ಎಂದಳು, ಇಳಿದು ಒಳಗೆ ಹೋದಳು. ಆಮೇಲೆ ಅವಳು ಆ ಕಾರಿನಲ್ಲಿ ಕೂತದ್ದನ್ನು ಯಾರೂ ನೋಡಲಿಲ್ಲ. ಏಜೆಂಟನನ್ನು ಅಜ್ಜಿ ಎಂದೂ ಬೈಯಲಿಲ್ಲ. ಅವನು ಬಂದಾಗ ಟೀ ಕೊಡುವುದನ್ನೂ ಬಿಡಲಿಲ್ಲ.

ಮಧ್ಯಾಹ್ನ ಅವಳು ಸಾಹೇಬರ ಕೋಣೆಗೆ ಹೋದಾಗ ಅವರು ಆಗಲೇ ಭಾಷಣ ಅಭ್ಯಾಸ ಮಾಡುತ್ತಿದ್ದರು. ಅವಳು ಅದೇ ಮೂರು ಸಾವಿರ ಹೇಳಿದಳು. ಇನ್ನೂ ಒಂದು ಮಾತು ಸೇರಿಸಿದಳು: ಹೆಸರು ಬರೆಸಿದ ಒಬ್ಬೊಬ್ಬರಿಗೂ ಅವರವರ ಕಾರು ಯಾವ ವರ್ಷ, ಯಾವ ತಿಂಗಳು ಬರಬಹುದು ಎಂದು ಇದ್ದದ್ದು ಇದ್ದ ಹಾಗೆ ತಿಳಿಸಬೇಕು. ಸಾಹೇಬರ ಮುಖ ಗಂಟಿಕ್ಕಿತು. ಕೆಲಸದ ಮೇಲೆ ಆಸೆ ಇದೆಯೋ ಇಲ್ಲವೋ ಎಂದು ಕೇಳಿದರು.

"ಕಾಯೋದ್ರಲ್ಲಿ ಸುಖ ಇದೆ ಸರ್," ಎಂದಳು ಅವಳು. "ಆದ್ರೆ ಎಷ್ಟು ಕಾಯ್ಬೇಕು ಅಂತ ಗೊತ್ತಿದ್ರೆ, ಮಧ್ಯೆ ಬೇರೆ ಕೆಲಸಗಳನ್ನ ಮಾಡಿ ಮುಗಿಸ್ಕೋಬಹುದು."

ಅಜ್ಜಿಯ ಕಥೆಯನ್ನು ಅವಳು ಹೇಳಲಿಲ್ಲ. ಸಾಹೇಬರು ಕಿಟಕಿಯಾಚೆಯ ಶೆಡ್ಡಿನ ಕಡೆ ನೋಡುತ್ತ ಭಾಷಣದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅವರಿಗೂ ಯಾರಾದರೂ ನೆನಪಾದರೋ, ಬರೀ ಬೇಸರವೋ, ಅವಳಿಗೆ ತಿಳಿಯಲಿಲ್ಲ.

ಮರುದಿನ ಅವರು ಕಹಿ ಔಷಧಿ ನುಂಗಿದವರ ಹಾಗೆ ಮೂರು ಸಾವಿರವನ್ನೇ ಹೇಳಿದರು. ಪತ್ರಿಕೆಯವರು ಆಡಿಕೊಂಡು ನಕ್ಕರು. ಸಾಕಷ್ಟು ಜನ ಹೆಸರು ವಾಪಸ್ಸು ತೆಗೆದರು. ಮೇಲಿನವರು ಸಾಹೇಬರನ್ನು ಕರೆಸಿ ಚೆನ್ನಾಗಿಯೇ ಝಾಡಿಸಿದರಂತೆ. ಅಲ್ಲಿಂದ ಬಂದವರು ಅಂದಾಜಕ್ಕನನ್ನು ಗ್ರಾಹಕರ ಫೋನ್ ಎತ್ತುವ ಕೋಣೆಗೆ ಹಾಕಿದರು. ಈ ಮೂರು ಸಾವಿರವನ್ನ ಹೆತ್ತವಳು ನೀನು, ಸಾಕೋದೂ ನಿನ್ನ ಕೆಲಸವೇ ಎಂದು ಅವರು ಹೇಳಿದ್ದು ಅರ್ಧ ತಮಾಷೆ, ಅರ್ಧ ಸಿಟ್ಟು.

ಹೊಸ ಕೋಣೆಯಲ್ಲಿ ಬೈಗುಳಕ್ಕೇನೂ ಬರವಿರಲಿಲ್ಲ. ಕಿವಿ ಬಿಸಿಯಾಗುವಷ್ಟು ಕೇಳಿದಳು. ಮೂರು ಸಾವಿರವಾದರೂ ಮುಟ್ಟುತ್ತೇವೋ ಇಲ್ಲವೋ ಎಂದು ಆ ಹೊತ್ತಿಗೆ ಅವಳಿಗೇ ಅನುಮಾನ ಶುರುವಾಗಿತ್ತು.

ಒಂದು ಬೆಳಿಗ್ಗೆ ವಯಸ್ಸಾದ ಗಂಡಸಿನ ದನಿಯೊಂದು, ತಮ್ಮ ಕಾರು ಯಾವಾಗ ಎಂದು ಕೇಳಿತು. ಅವಳು ಹೆಸರು ಹುಡುಕಿ ನೋಡಿ, "ಈ ವರ್ಷ ಬರಲ್ಲ ಸರ್. ಮುಂದಿನ ಬೇಸಿಗೆ ಅಂತ ಇಟ್ಕೊಳ್ಳಿ. ಇನ್ನೂ ತಡ ಆದ್ರೂ ಆಗಬಹುದು," ಎಂದಳು.

ಮನುಷ್ಯ ರೇಗಿದರು. ಇದನ್ನು ಮೊದಲೇ ಹೇಳಲು ಏನು ಧಾಡಿಯಾಗಿತ್ತು ಎಂದರು. ಆಮೇಲೆ ರಿಸೀವರನ್ನು ಎಲ್ಲಿಯೋ ಇಟ್ಟ ಸದ್ದು. ದೂರದಿಂದ ಅವರ ದನಿ ಕೇಳಿಸಿತು: "ಲೇ, ಕಾರು ಈ ವರ್ಷ ಬರಲ್ವಂತೆ. ಮೊಮ್ಮಗೂನ ನೋಡ್ಕೊಂಡು ಬರೋಕೆ ರೈಲಲ್ಲೇ ಹೋಗೋಣ್ವಾ?"

ಹೆಂಗಸೊಬ್ಬಳು ಏನೋ ಅಂದಳು. ಬೀರು ತೆರೆದ ಸದ್ದಾಯಿತು. ಭಾರವಾದದ್ದೇನನ್ನೋ ಎಳೆದು ಕೆಳಗಿಳಿಸಿದರು. ಈ ಸ್ವೆಟರ್ ಬೇಡ, ಅದು ಚುಚ್ಚುತ್ತೆ ಎಂದು ಒಬ್ಬರು, ಅಲ್ಲಿ ಚಳಿ ಇರುತ್ತೆ, ಸುಮ್ನೆ ಹಾಕ್ಕೊಳ್ಳಿ ಎಂದು ಇನ್ನೊಬ್ಬರು. ಫೋನಿನ ನೆನಪು ಇಬ್ಬರಿಗೂ ಇದ್ದಂತಿರಲಿಲ್ಲ.

ಅವಳ ಮೇಜಿನ ಮೇಲೆ ಇನ್ನೊಂದು ಫೋನು ಹೊಡೆದುಕೊಳ್ಳತೊಡಗಿತು. ಅವಳು ಅದನ್ನು ಎತ್ತಲಿಲ್ಲ. ಹಿಡಿದಿದ್ದ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, ಮಡಚಿ ಇಡುತ್ತಿರುವ ಬಟ್ಟೆಗಳ ಸರಬರ ಕೇಳುತ್ತ ಕೂತಳು.