ಬಾಗಿಲಿಗೆ ಹೋಗುವ ನಾಲ್ಕು ತಂತಿಗಳು

ಟುಪ್ ಎಂದಿತು, ಕಾರಿನ ಎಡಬಾಗಿಲಿನ ಸ್ಪೀಕರೇ, ಅಂದರೆ ಈ ಜೋಡಿ ಎಡಕ್ಕೆ — ದರ್ಜಿ, ಗಡಿಯಾರದ ಸೆಲ್ಲನ್ನು ತಂತಿಗಳಿಂದ ತೆಗೆದು, ಹಲ್ಲಲ್ಲಿ ಕಚ್ಚಿಕೊಂಡಿದ್ದ ಕೆಂಪು ದಾರವನ್ನು ಗುರುತಿಗೆಂದು ಪ್ಲಸ್ಸಿಗೆ, ಹಳದಿಯನ್ನು ಮೈನಸ್ಸಿಗೆ ಗಂಟು ಹಾಕಿದ, ಬಲಬಾಗಿಲಿನ ಜೋಡಿಗೆ ಹಾಗೇ ನೀಲಿ, ಹಸಿರು, ಗಂಟೆ ಎರಡಾಯಿತು, ನಾಲ್ಕಕ್ಕೆ ಮಗಳನ್ನು ಕರೆತರಬೇಕು, ಭಾನುವಾರಕ್ಕೊಮ್ಮೆ ಸಿಗುವ ಮಗಳು, ಅವಳಮ್ಮನ ಮನೆಯಿಂದ ಇಲ್ಲಿಗೆ ನಲವತ್ತು ನಿಮಿಷ, ಆ ನಲವತ್ತೂ ನಿಮಿಷ ಅವಳ ಕಿವಿಯಲ್ಲಿ ಇಯರ್‌ಫೋನು. ಕಳೆದ ವಾರ ಕಾರಿನ ರೇಡಿಯೊ ಹಾಕಿದ್ದಕ್ಕೆ, ಅಪ್ಪಾ ಪ್ಲೀಸ್ ಆಫ್ ಮಾಡು, ಡಬ್ಬಿಯೊಳಗೆ ನೊಣ ಹೊಕ್ಕ ಹಾಗಿದೆ, ಆಮೇಲೆ ಇಳಿಯುವಾಗ, ಪ್ರತಿ ವಾರ ಬರಲೇಬೇಕಾ ಅಪ್ಪಾ, ಸಿಟ್ಟಿಲ್ಲದೆ ಕೇಳಿದಳು, ಸಿಟ್ಟಾದರೂ ಇದ್ದಿದ್ದರೆ ವಾಸಿಯಿತ್ತು. ಚಿಕ್ಕವಳಿದ್ದಾಗ ಕತ್ತರಿಸುವ ಮೇಜಿನಡಿ ಕೂತು ಚಿಂದಿಗಳ ಜೊತೆ ದಿನವಿಡೀ ವಟಗುಟ್ಟುತ್ತಿದ್ದವಳು, ಸ್ವಲ್ಪ ಬಾಯಿ ಮುಚ್ಚೇ, ಅಳತೆ ತಪ್ಪುತ್ತೆ ಎಂದವನು ಯಾರು, ತಾನೇ — ಇರಲಿ, ಕೆಲಸ ನೋಡು. ಶಬ್ದ ಹೆಚ್ಚಿಸುವ ಈ ಆಂಪ್ಲಿಫೈಯರ್ ಮಾರಿದ ಅಂಗಡಿಯವನು, ಬಾಗಿಲೆಲ್ಲ ಬಿಚ್ಚಿ ಹೊಸ ವೈರ್ ಎಳೀಬೇಕು ಯಜಮಾನ್ರೇ, ಮೂರು ದಿನ ಗಾಡಿ ಬಿಟ್ಟೋಗಿ ಎಂದ, ಪ್ಯಾಂಟಿನ ಸೊಂಟ ಬಿಡಿಸಲು ಬಂದ ಎಲೆಕ್ಟ್ರಿಷಿಯನ್ ಅದನ್ನು ಕೇಳಿ ನಕ್ಕುಬಿಟ್ಟ, ಇಷ್ಟು ಸಣ್ಣ ಆಂಪ್ಲಿಫೈಯರ್‌ಗೆ ಕಾರಲ್ಲಿರೋ ಕಂಪನಿ ವೈರೇ ಧಾರಾಳ ಕಣಣ್ಣ, ರೇಡಿಯೊ ಹಿಂದೆ ನಡುವೆ ಕತ್ತರಿಸು, ರೇಡಿಯೊ ಕಡೆ ತುದಿ ಇದರೊಳಕ್ಕೆ, ಇದರಿಂದ ಹೊರಗೆ ಬರೋದು ಬಾಗಿಲ ಕಡೆ ತುದಿಗೆ, ಕರೆಂಟಿಗೆ ಮಾತ್ರ ಬ್ಯಾಟರಿಯಿಂದ ದಪ್ಪ ವೈರು, ನಡುವೆ ಫ್ಯೂಸು, ಅದನ್ನ ಮರೆತೀಯ ಮತ್ತೆ. ಮರೆತಿಲ್ಲ. ದಪ್ಪ ತಂತಿ ಎಂಜಿನ್ ಕಡೆಯ ರಬ್ಬರಿನ ತೂತಿನಿಂದ ಒಳಗೆ ಬಂದಿದೆ, ಆಂಪ್ಲಿಫೈಯರ್ ಸೀಟಿನಡಿ ಕೂತಿದೆ, ಬೆರಳಿನ ಗೆಣ್ಣು ತರಚಿ ರಕ್ತ ಬಂದಿದೆ, ಬರಲಿ, ಸೂಜಿಗೆ ಕೊಟ್ಟ ರಕ್ತಕ್ಕಿಂತ ಹೆಚ್ಚೇನಲ್ಲ.

ಮೂರು ಗಂಟೆಗೆ ರೇಡಿಯೊ ಹಾಕಿದ, ಶಬ್ದ ದೊಡ್ಡದಾಗಿದೆ, ಆದರೆ ಟೊಳ್ಳು, ಡೋಲು ಇರಬೇಕಾದ ಕಡೆ ಗಾಳಿ — ನೊಣ ಹೋಗಿ ದುಂಬಿ ಬಂತು ಅಷ್ಟೇ, ಮೈಯೆಲ್ಲ ಬೆವರು, ಕಿತ್ತು ಹಾಕಿಬಿಡಲಾ, ಇಲ್ಲ, ಬಿಡುವವನಲ್ಲ ಇವನು, ಸರಿಯಿಲ್ಲದ ಕೋಟನ್ನು ಯಾರ ಮೈಮೇಲೂ ಕಳಿಸಿದವನಲ್ಲ, ಕೋಟು, ಹೌದು, ಕೆಲಸ ಕಲಿಯುವಾಗ ಒಂದು ತೋಳನ್ನು ಹಿಂದುಮುಂದಾಗಿ ಕೂಡಿಸಿದ್ದ, ಬಟ್ಟೆ ಸರಿ, ಹೊಲಿಗೆ ಸರಿ, ತೊಟ್ಟವನ ಕೈ ಮಾತ್ರ ಮುಂದೆ ಬಾರದು — ದಾರ ನೋಡಿದ, ಬಲಗಡೆ ಪ್ಲಸ್ಸಿನ ನೀಲಿಯ ಜಾಗದಲ್ಲಿ ಮೈನಸ್ಸಿನ ಹಸಿರು, ಒಂದು ಬಾಗಿಲಿನ ಸ್ಪೀಕರು ಗಾಳಿ ತಳ್ಳುವಾಗ ಇನ್ನೊಂದು ಎಳೆದುಕೊಳ್ಳುತ್ತಿದೆ, ಒಂದನ್ನೊಂದು ನುಂಗಿಕೊಳ್ಳುತ್ತಿವೆ, ತನ್ನ ಸಂಸಾರದ ಹಾಗೆ, ಬಿಚ್ಚಿದ, ಅದಲುಬದಲು ಮಾಡಿ ಬಿಗಿದ, ಟೇಪು ಸುತ್ತಿದ, ಹಾಕಿದ, ಧಿಮ್ ಎಂದಿತು, ಅಂಗಿಯ ಗುಂಡಿ ನಡುಗಿತು, ಕೈ ತೊಳೆಯಲೂ ಹೊತ್ತಿಲ್ಲ, ಹೊರಡು.

ಮಗಳು ಕೂತಳು, ಕಿವಿ ಮುಚ್ಚಿಕೊಂಡೇ. ಅವನು ಸಣ್ಣಗೆ ರೇಡಿಯೊ ಹಾಕಿದ, ಎರಡು ಬೀದಿ ದಾಟಿದರು, ಅವಳು ಬಾಗಿಲನ್ನು ನೋಡಿದಳು, ಒಂದು ಕಿವಿಯ ಇಯರ್‌ಫೋನು ತೆಗೆದಳು, ಇದೇನಪ್ಪಾ ಇದು, ಆಂಪ್ಲಿಫೈಯರು, ಯಾರು ಹಾಕಿದ್ದು, ನಾನೇ, ನೀನಾ — ನಗು, ಎಷ್ಟು ದಿನದ ಮೇಲೆ, ಆಮೇಲೆ ಸ್ಟಿಯರಿಂಗ್ ಮೇಲಿನ ಅವನ ತರಚಿದ ಗೆಣ್ಣನ್ನು ನೋಡಿದಳು, ನಗು ನಿಂತಿತು, ಕೆಡಿಸಿದೆ, ಏನೋ ಕೆಡಿಸಿದೆ ಎಂದುಕೊಂಡ, ಇಲ್ಲ, ನನ್ನ ಹಾಡು ಹಾಕ್ಲಾ ಅಪ್ಪಾ, ಹಾಕು, ಜೋರಾಗಿರುತ್ತೆ, ಇರಲಿ ಹಾಕು. ಯಾವ ಹಾಡೋ, ಯಾವ ಭಾಷೆಯೋ, ತಲೆಬುಡ ತಿಳಿಯದು, ಬೆನ್ನಿಗೆ ಮಾತ್ರ ತಿಳಿಯುತ್ತಿದೆ, ಸಿಗ್ನಲ್ಲಿನಲ್ಲಿ ನಿಲ್ಲಿಸಿ ಓರೆಗಣ್ಣಲ್ಲಿ ನೋಡುತ್ತಾನೆ, ಚಪ್ಪಲಿ ಬಿಟ್ಟ ಅವಳ ಕಾಲು ಮ್ಯಾಟಿನ ಮೇಲೆ, ಹಾಡಿನ ತಾಳಕ್ಕೆ ಹೆಬ್ಬೆರಳು ಏಳುತ್ತದೆ, ಬೀಳುತ್ತದೆ, ಹಸಿರು ಬಂತು, ಹಿಂದಿನವನು ಹಾರ್ನ್ ಬಡಿಯುತ್ತಿದ್ದಾನೆ, ಅಪ್ಪಾ ಹೋಗು ಎನ್ನುತ್ತಿದ್ದಾಳೆ, ಹೋಗಬೇಕು, ಗೇರು ಹಾಕಬೇಕು, ಆ ಹೆಬ್ಬೆರಳು, ಏಳುತ್ತದೆ, ಬೀಳುತ್ತದೆ, ಏಳುತ್ತದೆ —