ಬಾಲದ ಮೇಷ್ಟ್ರ ಹೆಬ್ಬೆಟ್ಟು

ನಮ್ಮ ಕಚೇರಿಯಲ್ಲಿ ಎಲ್ಲರಿಗಿಂತ ಸುಂದರವಾದ ಅಕ್ಷರ ಯಾರದಾಗಿತ್ತೋ ಅವರೊಬ್ಬರೇ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ಬೆಳಿಗ್ಗೆ ಬಂದವರೇ ಎಡಗೈಯ ಹೆಬ್ಬೆರಳನ್ನು ಶಾಯಿಯ ಮೆತ್ತೆಗೆ ತಾಗಿಸಿ, ತಮ್ಮ ಹೆಸರಿನ ಎದುರಿನ ಚೌಕದಲ್ಲಿ ಒತ್ತಿ, ಚಿಂದಿಬಟ್ಟೆಯಲ್ಲಿ ಒರೆಸಿಕೊಂಡು, ಯಾರ ನಗೆಯನ್ನೂ ಲಕ್ಷಿಸದೆ ತಮ್ಮ ಇಳಿಜಾರು ಮೇಜಿನತ್ತ ನಡೆದುಬಿಡುವರು. ಹೊಸದಾಗಿ ಸೇರಿದ್ದ ಗುಮಾಸ್ತೆಯೊಬ್ಬಳು, "ಪಾಪ, ಅವರಿಗೆ ಓದು ಬರಹ ಬರಲ್ವಾ?" ಎಂದು ಕೇಳಿದಾಗ ನಾನು ಅವಳನ್ನು ಕರೆದೊಯ್ದು ಅವರು ಬರೆದ ಹಾಳೆಯನ್ನು ತೋರಿಸಿದೆ. ಅದು ಅಚ್ಚಾದದ್ದೆಂದೇ ಅವಳು ತಿಳಿದಳು.

ನಮ್ಮದು ಕಾಮಿಕ್ಸ್ ಪುಸ್ತಕಗಳನ್ನು ಹೊರಡಿಸುತ್ತಿದ್ದ ಪುಟ್ಟ ಸಂಸ್ಥೆ. ಕಥೆಗಾರರು ಮಾತು ಬರೆದುಕೊಡುವರು, ಚಿತ್ರಕಾರ ಚಿತ್ರ ಬಿಡಿಸುವನು, ನಾನು ಕರಡು ತಿದ್ದುವವನು. ಮೇಷ್ಟ್ರ ಕೆಲಸ ಪಾತ್ರಗಳ ತಲೆಯ ಮೇಲಿನ ಖಾಲಿ ಜಾಗದಲ್ಲಿ ಆ ಮಾತನ್ನು ಕೈಬರಹದಲ್ಲಿ ತುಂಬಿ, ಸುತ್ತ ಒಂದು ಗುಳ್ಳೆ ಬರೆದು, ಗುಳ್ಳೆಯಿಂದ ಆಡಿದವರ ಬಾಯಿಯ ಕಡೆಗೆ ಒಂದು ಬಾಲ ಎಳೆಯುವುದು. ಪಾಠ ಹೇಳಿದವರಲ್ಲದಿದ್ದರೂ ಅಕ್ಷರದ ದೆಸೆಯಿಂದ ಮೇಷ್ಟ್ರಾಗಿದ್ದರು. 'ಬಾಲದ' ಎಂಬುದು ಆಮೇಲೆ ಅಂಟಿಕೊಂಡ ವಿಶೇಷಣ. ಅವರ ಬೂದುಬಣ್ಣದ ಕೋಟಿನ ಬಲದೋಳು ಮೊಣಕೈಯವರೆಗೆ ಮಾತ್ರ ಇತ್ತು. ಹಸಿ ಶಾಯಿಗೆ ಬಟ್ಟೆ ತಾಗಬಾರದೆಂದು ಸ್ವತಃ ಕತ್ತರಿಸಿಕೊಂಡಿದ್ದರು, ಮತ್ತು ಮದುವೆ ಮುಂಜಿಗೂ ಅದನ್ನೇ ತೊಟ್ಟು ಹೋಗುತ್ತಿದ್ದರು. ಬೀದಿಯಲ್ಲಿ ನಡೆಯುವಾಗಲೂ ಬಲಗೈ ಮೈಗೆ ಸೋಕದಂತೆ ಸೊಂಟದಿಂದ ಗೇಣುದ್ದ ಮೇಲೆ ತೇಲುತ್ತಿತ್ತು. ದೂರದಿಂದ ನೋಡಿದವರಿಗೆ ಏನನ್ನೋ ಕೇಳಲು ಕೈಯೆತ್ತಿ ಮರೆತವರ ಹಾಗೆ ಕಾಣುತ್ತಿದ್ದರು.

ಮಾತಿನ ವಿಷಯದಲ್ಲಿ ಅವರು ಪರಮ ಜಿಪುಣರು. ಗುಳ್ಳೆಯೊಂದರಲ್ಲಿ ಹಿಡಿಯುವಷ್ಟೇ ಆಡುವರು, ಎದುರಿನವರದು ಅದಕ್ಕಿಂತ ಉದ್ದವಾದರೆ ತೋರುಬೆರಳೆತ್ತಿ "ಗುಳ್ಳೆ ತುಂಬ್ತು" ಎನ್ನುವರು. ಮಾಲೀಕರ ಭಾಷಣಕ್ಕೂ ಒಮ್ಮೆ ಬೆರಳೆತ್ತಿದ್ದುಂಟು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅದೇ ಬೆರಳು ಆಸ್ಪತ್ರೆಯ ಓಣಿಯಲ್ಲಿ ಮೇಲೆದ್ದದ್ದನ್ನೂ ನಾನು ಕಂಡಿದ್ದೇನೆ. ಅವರ ಹೆಂಡತಿಯ ಆಪರೇಷನ್ ಮುಗಿದಿತ್ತು. ವೈದ್ಯರು ರಕ್ತದೊತ್ತಡ, ಸೋಂಕು, ಮುಂದಿನ ಎರಡು ದಿನ ಎಂದು ಸುತ್ತಿ ಬಳಸಿ ವಿವರಿಸುತ್ತಿದ್ದರು. ಮೇಷ್ಟ್ರು ಮೆಲ್ಲಗೆ ಬೆರಳೆತ್ತಿ, "ಡಾಕ್ಟ್ರೇ, ಗುಳ್ಳೆ ತುಂಬ್ತು. ಉಳೀತಾಳಾ?" ಎಂದರು. ವೈದ್ಯರು ಕೈಲಿದ್ದ ಕಾಗದ ಮಡಿಸಿದರು. ಮೂರನೆಯ ದಿನ ಮೇಷ್ಟ್ರು ಒಬ್ಬರೇ ಮನೆಗೆ ಹಿಂತಿರುಗಿದರು.

ಆಗ ನಾವು ತರುತ್ತಿದ್ದ ಮಾಲಿಕೆಯ ಹೆಸರು 'ಏಳನೇ ಕಮಾನು'. ಏಳು ಕಮಾನಿನ ಸೇತುವೆಯೊಂದರ ಕೊನೆಯ ಕಮಾನು ಕುಸಿದು ಜನ ಸತ್ತಿದ್ದಾರೆ. ಸೇತುವೆ ಗಟ್ಟಿಯಾಗಿದೆಯೆಂದು ಸಹಿ ಹಾಕಿದವರು ಯಾರೆಂದು ಅಳತೆಗಾರನೊಬ್ಬ ಹುಡುಕುತ್ತ ಹೋಗುತ್ತಾನೆ. ಹತ್ತೊಂಬತ್ತನೆಯ ಸಂಚಿಕೆಯ ಕೊನೆಯ ಚಿತ್ರದಲ್ಲಿ ಮೂವರಿದ್ದರು: ಅಳತೆಗಾರ, ಗುತ್ತಿಗೆದಾರ, ಮತ್ತು ಕಿಟಕಿಯ ಬಳಿ ಸುಮ್ಮನೆ ನಿಂತ ಅಳತೆಗಾರನ ತಾಯಿ, ಸೇತುವೆ ಇಲಾಖೆಯ ನಿವೃತ್ತ ಉದ್ಯೋಗಿ. "ಆ ಕಾಗದಕ್ಕೆ ಸಹಿ ಹಾಕಿದ್ದು ನಾನೇ" ಎಂಬ ಮಾತು ಗುತ್ತಿಗೆದಾರನದು. ಹೆಂಡತಿ ತೀರಿಕೊಂಡ ವಾರಕ್ಕೆ ಕೆಲಸಕ್ಕೆ ಬಂದ ಮೇಷ್ಟ್ರು ಆ ಮಾತನ್ನು ಎಂದಿನಂತೆ ಮುತ್ತು ಪೋಣಿಸಿದ ಹಾಗೆ ಬರೆದರು, ಗುಳ್ಳೆ ಸುತ್ತಿದರು, ಬಾಲವನ್ನು ತಾಯಿಯ ಬಾಯಿಗೆ ಎಳೆದರು. ಪುಸ್ತಕ ಅಚ್ಚಾಗಿ ಅಂಗಡಿ ಸೇರಿದ ಮೇಲೆಯೇ ನಮಗೆ ತಿಳಿದದ್ದು.

ಕಥೆಗಾರರು ಸಿಟ್ಟಿನಿಂದ ಕುಣಿದಾಡಿದರು, ಮೇಜು ಗುದ್ದಿದರು. ನಾಲ್ಕು ದಿನ ಕಚೇರಿಯತ್ತ ತಲೆ ಹಾಕಲಿಲ್ಲ. ಐದನೆಯ ದಿನ ಬಂದಾಗ ಅವರ ಕೈಯಲ್ಲಿ ಇಪ್ಪತ್ತನೆಯ ಸಂಚಿಕೆಯಿತ್ತು, ಅದರಲ್ಲಿ ತಾಯಿಯೇ ಅಪರಾಧಿ. ಅಲ್ಲಿಂದ ಮುಂದಿನ ಇಪ್ಪತ್ತೇಳು ಸಂಚಿಕೆಗಳಲ್ಲಿ ಆ ಮಗ ಬೆಳಿಗ್ಗೆ ತಾಯಿಯ ಕೈಯ ಊಟ ಉಂಡು, ಹಗಲಿಡೀ ಅವಳ ವಿರುದ್ಧ ಸಾಕ್ಷ್ಯ ಕೂಡಿಸುತ್ತಾನೆ. ಅದಕ್ಕಿಂತ ಘೋರವಾದ, ಅದಕ್ಕಿಂತ ಕರುಣೆಯುಳ್ಳ ಕಥನವನ್ನು ನಾನು ದಪ್ಪ ಕಾದಂಬರಿಗಳಲ್ಲೂ ಕಂಡಿಲ್ಲ. ಓದಿದವರು ಮಾತ್ರ ಬೆರಳೆಣಿಕೆ. ಮಕ್ಕಳಿಗೆ ಅದು ಭಾರವಾಯಿತು, ದೊಡ್ಡವರಿಗೆ ಕಾಮಿಕ್ಸ್ ಕೈಯಲ್ಲಿ ಹಿಡಿಯಲು ನಾಚಿಕೆಯಾಯಿತು, ನಲವತ್ತಾರನೆಯ ಸಂಚಿಕೆಗೆ ಮಾಲಿಕೆ ನಿಂತುಹೋಯಿತು. ನಮ್ಮಲ್ಲಿ ಉಳಿದದ್ದು 'ಬಾಲದ ಮೇಷ್ಟ್ರು' ಎಂಬ ಅಡ್ಡಹೆಸರು, ಮತ್ತು ಆ ವರ್ಷದಿಂದ ಸಹಿಯ ಬದಲಿಗೆ ಶುರುವಾದ ಹೆಬ್ಬೆಟ್ಟು.

ಇಪ್ಪತ್ತು ವರ್ಷ ಕಳೆದ ಮೇಲೆ ದೂರದರ್ಶನ ಧಾರಾವಾಹಿ ಮಾಡುವ ಸಂಸ್ಥೆಯೊಂದಕ್ಕೆ ಹಳೆಯ ಪುಸ್ತಕದ ರಾಶಿಯಲ್ಲಿ ಈ ಮಾಲಿಕೆ ಸಿಕ್ಕಿತು. ಅವರು ಹುಚ್ಚಾದದ್ದೇ ಆ ಹತ್ತೊಂಬತ್ತನೆಯ ಸಂಚಿಕೆಗೆ. ಸಲಹೆಗಾರನೆಂದು ನನ್ನನ್ನು ಕರೆಸಿಕೊಂಡರು. ಕಥೆಗಾರರು ಆಗ ಹಾಸಿಗೆ ಹಿಡಿದಿದ್ದರು. ಸಾಯುವುದರೊಳಗೆ ಒಂದು ಕಂತನ್ನಾದರೂ ನೋಡಬೇಕೆಂದು ಗೋಡೆಗೆ ದೊಡ್ಡ ಟೀವಿ ಹಾಕಿಸಿಕೊಂಡಿದ್ದರು. ತಿರುವು ತಮ್ಮದೇ ಎಂದು ಅವರು ಮನಸಾರೆ ನಂಬಿದ್ದರು. ಇಪ್ಪತ್ತೇಳು ಸಂಚಿಕೆ ಅದರ ಮೇಲೆ ಕಟ್ಟಿದವರು ನಂಬಿದ್ದರಲ್ಲಿ ಸೋಜಿಗವಿಲ್ಲ. ಆದರೆ ಬಾಲದ ಕಥೆ ಹೇಗೋ ಸಂಸ್ಥೆಯ ವಕೀಲರ ಕಿವಿಗೆ ಬಿತ್ತು. ನಾಳೆ ತಿರುವಿನ ಹಕ್ಕಿಗೆ ತಕರಾರು ಬರಬಾರದು, 'ಕಥೆಗಾರರ ಸೂಚನೆಯಂತೆಯೇ ಬಾಲ ಎಳೆದೆ' ಎಂದು ಮೇಷ್ಟ್ರು ಒಪ್ಪಿ ಬರೆದುಕೊಡಬೇಕು, ಇಲ್ಲದಿದ್ದರೆ ಧಾರಾವಾಹಿ ಇಲ್ಲ ಎಂದರು. ಆ ಕಾಗದ ಹೊತ್ತು ಹೋದವನು ನಾನೇ.

ಮೇಷ್ಟ್ರದು ಒಂದೇ ಕೋಣೆ. ಮಂಚ, ಕುರ್ಚಿ, ಮೊಳೆಗೆ ನೇತುಹಾಕಿದ ಅದೇ ಕೋಟು. ನಾನು ಕಾಗದ ಓದತೊಡಗಿದೆ. ಎರಡನೆಯ ಸಾಲಿಗೆ ಬೆರಳೆದ್ದಿತು.

"ಗುಳ್ಳೆ ತುಂಬ್ತು. ವಿಷಯ ಹೇಳು."

ಹೇಳಿದೆ. "ಹೆಬ್ಬೆಟ್ಟಾದ್ರೂ ಸಾಕಂತೆ ಮೇಷ್ಟ್ರೇ."

"ಅವರು ಹಾಗೆ ಎಳಿ ಅಂದಿರ್ಲಿಲ್ಲ."

"ಗೊತ್ತು. ನಿಮ್ಮ ಹೆಸರೂ ಹಾಕಿ ಅಂತ ಕೇಳಿ ನೋಡ್ಲಾ?"

"ಹೆಸರು ಯಾಕೆ? ತಪ್ಪು ಅಂತ ಹಾಕ್ಲಿ. ನಾನು ಮಾಡಿದ ತಪ್ಪು ಅಂತ."

ಹಾಗೆ ಬರೆದರೆ ಒಪ್ಪಂದವೇ ಮುರಿದುಬೀಳುತ್ತದೆಂದು ವಿವರಿಸಿದೆ. ಕಥೆಗಾರರ ಕಾಯಿಲೆ ಹೇಳಿದೆ, ಗೋಡೆಯ ಟೀವಿ ಹೇಳಿದೆ. ನಾಚಿಕೆಯಿಲ್ಲದೆ ಅಂಗಲಾಚಿದೆ. ಅವರು ಕೋಟಿನ ಮೋಟುದೋಳನ್ನು ನೋಡುತ್ತ ಬಾಯಿಬಿಟ್ಟರು.

"ಆಪರೇಷನ್ ಬೇಡ ಅಂತಿದ್ಲು ಅವಳು. ಕೈ ಹಿಡ್ಕೊಂಡು ಬೇಡ ಅಂದ್ಲು. ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದ್ದು ನಾನೇ. ಒಂದು ವಾರಕ್ಕೆ ಅದೇ ಮಾತು ನನ್ನ ಮೇಜಿಗೆ ಬಂತಲ್ಲಪ್ಪಾ ಬರೆಯೋಕೆ. ಬರೆದೆ. ಬಾಲ ಎಳೆಯೋವಾಗ ಕಿಟಕಿ ಹತ್ರ ನಿಂತ ಹೆಂಗಸು ಬಿಟ್ರೆ ಇನ್ನೇನೂ ಕಣ್ಣಿಗೆ ಕಾಣಿಸ್ಲಿಲ್ಲ. ಅದನ್ನ ಇನ್ಯಾರೋ ಹೇಳಿ ಮಾಡಿಸಿದ್ದು ಅಂತ ಹೇಗೆ ಒತ್ಲಿ?"

ಅಷ್ಟುದ್ದದ ಮಾತನ್ನು ಅವರ ಬಾಯಲ್ಲಿ ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಕಾಗದ ಮಡಿಸಿಕೊಂಡು ಎದ್ದೆ. ಮೇಷ್ಟ್ರು ಬಾಗಿಲವರೆಗೆ ಬಂದು, "ಟೀವೀಲಿ ಬಾಯಿ ತಾನೇ ಅಲ್ಲಾಡುತ್ತೆ. ಅಲ್ಲಿ ನನ್ನದೇನು ಕೆಲಸ?" ಎಂದರು. ಸಮಾಧಾನಕ್ಕೆ ಹೇಳಿದ್ದಿರಬೇಕು, ನನ್ನದೋ ಅವರದೋ ತಿಳಿಯದು.

ಧಾರಾವಾಹಿ ಆಗಲಿಲ್ಲ. ಎರಡು ತಿಂಗಳಲ್ಲಿ ಕಥೆಗಾರರು ಖಾಲಿ ಟೀವಿಯ ಎದುರಿಗೇ ಕಣ್ಣು ಮುಚ್ಚಿದರು. ಸಾವಿನ ಮನೆಗೆ ಬಂದ ಮೇಷ್ಟ್ರು ಒಳಗೆ ಕಾಲಿಡದೆ ಗೋಡೆಗೊರಗಿ ನಿಂತಿದ್ದರು, ಬಲಗೈ ಎಂದಿನಂತೆ ತೇಲಿಸಿಕೊಂಡು. ಕಥೆಗಾರರ ಮಗಳು ಎದುರಿಗೆ ಹೋಗಿ, "ನಿಮ್ಮ ಒಂದು ಹೆಬ್ಬೆಟ್ಟು ಸಾಕಾಗಿತ್ತು ನಮ್ಮಪ್ಪನಿಗೆ" ಎಂದಳು. ಬೆರಳು ಏಳಬಹುದೆಂದು ನೋಡಿದೆ, ಏಳಲಿಲ್ಲ. "ಹೌದಮ್ಮಾ" ಎಂದು ತಲೆ ತಗ್ಗಿಸಿದರು. ಮುಂದಿನ ವರ್ಷ ಅವರೂ ಹೋದರು. ಕೋಟನ್ನು ಯಾರೂ ಬೇಕೆನ್ನಲಿಲ್ಲವಾಗಿ ಅದನ್ನೂ ಅವರೊಂದಿಗೇ ಕಳಿಸಿದೆವು.

ಹತ್ತೊಂಬತ್ತನೆಯ ಸಂಚಿಕೆಯ ಕರಡು ಈಗಲೂ ನನ್ನ ಬಳಿ ಇದೆ. ಕೊನೆಯ ಪುಟದ ಮೂಲೆಯಲ್ಲಿ 'ನೋಡಿದ್ದೇನೆ, ಸರಿಯಾಗಿದೆ' ಎಂದು ಬರೆದು ಸಹಿ ಮಾಡಿದವನು ನಾನು. ಅಂದು ಅಕ್ಷರ ನೋಡಿದ್ದೆ, ಬಾಲ ನೋಡಿರಲಿಲ್ಲ. ಮೇಷ್ಟ್ರಿಗೆ ಅದು ಗೊತ್ತಿತ್ತು. ನಾನು ಕಾಗದ ಹಿಡಿದು ಅವರೆದುರು ಕುಳಿತ ದಿನವೂ ಅದರ ಸುದ್ದಿ ಎತ್ತಲಿಲ್ಲ. ಪರರ ಮಾತನ್ನು ಪರರ ಬಾಯಿಗೆ ತಲುಪಿಸುವುದರಲ್ಲೇ ಆಯುಸ್ಸು ಸವೆಸುವ ಇಂಥವರು, ಕೆಲಸ ಸರಿಯಾಗಿ ಸಾಗಿದಷ್ಟು ಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ಎಂದೋ ಒಮ್ಮೆ ಕೈ ತಪ್ಪಿದರೆ ಆ ತಪ್ಪನ್ನೇ ಹೆಸರಾಗಿ ಹೊತ್ತು ಬದುಕುತ್ತಾರೆ, ಅದರಲ್ಲಿ ಯಾರನ್ನೂ ಪಾಲಿಗೆ ಕರೆಯುವುದಿಲ್ಲ. ಅವರ ಪಕ್ಕದಲ್ಲೇ ನನ್ನಂಥವರು ಸಹಿ ಹಾಕಿಕೊಂಡು ಸುಖವಾಗಿರುತ್ತೇವೆ.