ಎದ್ದು ಹೋಗುವ ವ್ಯಾಪಾರ

ಸಣ್ಣ ಕಾರ್ಖಾನೆಗಳ ಸಂಘದಲ್ಲಿ ಸದಾ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ಸಾಬೂನು ಮಾಡುವವರಿಗೆ ಕರೆಂಟಿನ ದರ ಇಳಿಯಬೇಕು, ಪೆಟ್ಟಿಗೆ ಮಾಡುವವರಿಗೆ ಲಾರಿ ಓಡಾಡುವಂಥ ರಸ್ತೆ ಬೇಕು, ಅಂಗಿಯ ಗುಂಡಿ ಮಾಡುವವರಿಗೆ ಏನು ಸಿಕ್ಕರೂ ಅಸಮಾಧಾನ. ಒಂದು ವಿಷಯದಲ್ಲಿ ಮಾತ್ರ ಎಲ್ಲರದ್ದೂ ಒಂದೇ ಮಾತು: ಎದುರಿನವರು ಹೇಳಿದ ಮೊದಲ ಬೆಲೆಗೆ ಒಪ್ಪುವವನು ವ್ಯಾಪಾರಿಯೇ ಅಲ್ಲ. ಚೌಕಾಸಿ ಮಾಡಬೇಕು, ಮುಖ ಸಣ್ಣದು ಮಾಡಬೇಕು, ಕೊನೆಗೆ ‘ಬೇಡ ಬಿಡಿ’ ಅಂದು ಎಲ್ಲರೂ ಒಟ್ಟಿಗೆ ಎದ್ದು ಹೊರಡಬೇಕು. ಹಿಂದಿನಿಂದ ಕರೆ ಬಂದೇ ಬರುತ್ತದೆ.

ಈ ವಿದ್ಯೆಯ ಗುರು ಸಂಘದ ಅಧ್ಯಕ್ಷರು, ಬೀಗದ ಕಾರ್ಖಾನೆಯ ಯಜಮಾನರು. ತಗಡಿನ ಸಗಟು ವ್ಯಾಪಾರಿಯನ್ನು ಅವರು ಮಣಿಸಿದ್ದು ಹೀಗೆಯೇ. ಲಾರಿ ಮಾಲೀಕರ ಹತ್ತಿರ ಬಾಡಿಗೆ ಮಾತಾಡಲು ಹೋಗಿ ಎದ್ದು ಬಂದಾಗ, ಆ ಮನುಷ್ಯ ಊಟ ಮಾಡುತ್ತಿದ್ದ ಕೈಯಲ್ಲೇ ಮೆಟ್ಟಿಲಿಳಿದು ಓಡಿ ಬಂದು ‘ನೀವು ಹೇಳಿದ್ದೇ ಆಗಲಿ ಸ್ವಾಮಿ’ ಅಂದಿದ್ದನಂತೆ. ಈ ಕಥೆಗೆ ವರ್ಷವರ್ಷವೂ ಹೊಸ ರೆಕ್ಕೆಪುಕ್ಕ ಹುಟ್ಟುತ್ತಿತ್ತು. ಕಳೆದ ಸಲ ಹೇಳುವಾಗ ಲಾರಿ ಮಾಲೀಕ ಬರಿಗಾಲಲ್ಲಿ ಓಡಿದ್ದ. ಈ ಸಲ ಅವನ ಹೆಂಡತಿಯೂ ಓಡಿ ಬಂದಿದ್ದಳು.

ಅಧ್ಯಕ್ಷರ ತಂಗಿಯ ಮಗಳು ಬುಗುರಿಯಕ್ಕ. ಮರದ ಆಟಿಕೆ ಮಾಡಿಸುತ್ತಿದ್ದಳು: ಬುಗುರಿ, ಗಿಲಕಿ, ಚಕ್ರದ ಮೇಲೆ ಉರುಳುವ ಆನೆ. ಸೋದರಮಾವನ ಮಾತು ಅವಳಿಗೆ ಕಿವಿಗಿಂತ ಮೊದಲು ಕಾಲಿಗೆ ತಾಗುತ್ತಿತ್ತು. ಮಾವ ಕುರ್ಚಿ ಹಿಂದೆ ಸರಿಸಿದರೆ ಸಾಕು, ಇವಳು ಎದ್ದು ನಿಂತಿರುತ್ತಿದ್ದಳು.

ಆದರೆ ಈಗ ಅವಳ ತಲೆಯ ಮೇಲೊಂದು ಕತ್ತಿ ತೂಗುತ್ತಿತ್ತು. ಮಕ್ಕಳು ಆಟಿಕೆಯನ್ನು ಬಾಯಿಗೆ ಹಾಕುತ್ತವೆ, ಆದ್ದರಿಂದ ಬಣ್ಣದಲ್ಲಿ ವಿಷವಿಲ್ಲ ಎಂದು ಪ್ರತಿ ಬಾರಿಯೂ ಪರೀಕ್ಷೆಯಾಗಿ ಪ್ರಮಾಣಪತ್ರ ಬರಬೇಕು. ನ್ಯಾಯವಾದ ಮಾತೇ. ಆದರೆ ಪರೀಕ್ಷೆ ಮಾಡುವ ಪ್ರಯೋಗಾಲಯ ಇಡೀ ರಾಜ್ಯಕ್ಕೆ ಒಂದೇ, ಅದೂ ರಾಜಧಾನಿಯಲ್ಲಿ. ಅಲ್ಲಿನ ಸಾಲಿನಲ್ಲಿ ಅವಳ ಆನೆ ನಿಂತು ನಿಂತು ಮುದಿಯಾಗುತ್ತಿತ್ತು. ಎರಡು ಸಲ ಸರಕು ತಡವಾಯಿತು. ‘ಇನ್ನೊಂದು ಸಲ ಹೀಗಾದರೆ ನಾವು ಬೇರೆಯವರನ್ನು ನೋಡ್ಕೋತೀವಿ’ ಎಂದು ದೊಡ್ಡ ಖರೀದಿದಾರರು ಹೇಳಿಬಿಟ್ಟಿದ್ದರು. ಅವರು ಕೈಬಿಟ್ಟರೆ ಮರ ಕಡೆಯುವ ಲೇತು ನಿಲ್ಲುತ್ತದೆ, ಬಣ್ಣ ಹಚ್ಚುವ ಹೆಂಗಸರು ಕುಂಚ ತೊಳೆದಿಟ್ಟು ಮನೆಗೆ ಹೋಗುತ್ತಾರೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಾವನಿಗಂತೂ ಇಲ್ಲವೇ ಇಲ್ಲ. ‘ಕಾರ್ಖಾನೆ ನಡೆಸೋದು ಹೇಗೆ ಅಂತ ನನ್ನ ಸೊಸೇನ ನೋಡಿ ಕಲೀರಿ’ ಎಂದು ಪ್ರತಿ ಸಭೆಯಲ್ಲೂ ಮೀಸೆ ತಿರುವುವ ಮನುಷ್ಯನಿಗೆ ಯಾವ ಬಾಯಲ್ಲಿ ಹೇಳುವುದು?

ಅಷ್ಟರಲ್ಲಿ ಸರ್ಕಾರ ಸಣ್ಣ ಉದ್ಯಮಗಳಿಗೆ ಹೊಸ ನೀತಿ ಬರೆಯುತ್ತಿದೆ, ಒಂದೊಂದು ಭಾಗದ ಸಂಘದವರೂ ಬಂದು ಸಚಿವೆಗೆ ತಮ್ಮ ಬೇಡಿಕೆ ಹೇಳಬಹುದು ಎಂದು ಸುದ್ದಿ ಬಂತು. ಸಂಘದ ಸಭಾಂಗಣದಲ್ಲಿ ತಾಲೀಮು ಶುರುವಾಯಿತು. ಮಾವ ತಮ್ಮ ತೋಳುಗಳಿದ್ದ ದೊಡ್ಡ ಕುರ್ಚಿಯಲ್ಲಿ ಕೂತು ಸಚಿವೆಯಾದರು.

“ಕರೆಂಟು, ರಸ್ತೆ, ಪ್ರಯೋಗಾಲಯ, ಮೂರೂ ಕೇಳೋಣ. ಮೂರು ಕೇಳಿದ್ರೆ ಒಂದು ಕೊಡ್ತಾರೆ. ಕೊಟ್ಟ ತಕ್ಷಣ ಹಲ್ಲು ಕಿರಿಯಬೇಡಿ. ಎದ್ದುಬಿಡಿ.”

“ಮಂತ್ರಿಗಳ ಮುಂದೆ ಎದ್ದು ಹೋಗೋದಾ ಮಾವ?” ಅಂದಳು ಬುಗುರಿಯಕ್ಕ.

“ಮಂತ್ರಿಯಾದ್ರೇನು, ಅವರ ಹತ್ರ ಸರಕಿದೆ, ನಾವು ಕೊಳ್ಳೋಕೆ ಬಂದಿದೀವಿ. ಅಂಗಡಿ ಅಂಗಡೀನೇ ಕಣೇ.”

ಸಚಿವೆಯ ಕೋಣೆ ತಣ್ಣಗೆ ಕೊರೆಯುತ್ತಿತ್ತು. ಆಕೆ ರಾಜಕೀಯಕ್ಕೆ ಬರುವ ಮೊದಲು ಶಾಲೆಯ ಮುಖ್ಯೋಪಾಧ್ಯಾಯಿನಿ. ಸಂಘದವರು ಒಬ್ಬರ ಮೇಲೊಬ್ಬರು ಮಾತಾಡತೊಡಗಿದಾಗ ಪೆನ್ನಿನಿಂದ ಮೇಜನ್ನು ಒಮ್ಮೆ ಕುಟ್ಟಿದರು, ಎಲ್ಲರೂ ಕೈಕಟ್ಟಿ ಕೂತರು. ಬುಗುರಿಯಕ್ಕ ಮಾದರಿಗೆಂದು ತಂದಿದ್ದ ಕೆಂಪು ಬುಗುರಿಯನ್ನು ಮೇಜಿನ ಮೇಲಿಟ್ಟು, ಒಂದು ಬಣ್ಣದ ಪರೀಕ್ಷೆಗೆ ಅದು ಎಷ್ಟು ದೂರ ಹೋಗಿ ಎಷ್ಟು ಕಾಯಬೇಕು ಎಂದು ಹೇಳಿದಳು. ಸಚಿವೆ ಪೂರ್ತಿ ಕೇಳಿದರು.

“ಕರೆಂಟು, ರಸ್ತೆ ನನ್ನ ಕೈಯಲ್ಲಿಲ್ಲ. ಪ್ರಯೋಗಾಲಯ ಇದೆ. ಯಂತ್ರಗಳು ಆಗಲೇ ಬಂದು ಗೋದಾಮಿನಲ್ಲಿ ಕೂತಿವೆ, ಇಡೋಕೆ ಕಟ್ಟಡ ಇಲ್ಲ. ನೀತಿ ಹೊರಬರೋ ಮೊದಲೇ ಒಂದು ಕಡೆ ಶುರು ಮಾಡಿ ನೋಡಬೇಕು ಅಂತಿದೀವಿ. ನಿಮ್ಮ ಸಂಘಕ್ಕೆ ಒಳ್ಳೇ ಸಭಾಂಗಣ ಇದೆಯಲ್ಲ? ಅದನ್ನ ಕೊಡಿ. ಈ ತಿಂಗಳೇ ಜನ ಕಳಿಸ್ತೀನಿ.”

ಬುಗುರಿಯಕ್ಕ ‘ಆಗಲಿ’ ಎನ್ನಲು ಬಾಯಿ ತೆರೆದಳು. ಕೇಳಿದ್ದು ಇಷ್ಟು ಸಲೀಸಾಗಿ ಸಿಗುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಮಾವನ ಮುಖ ನೋಡಿದಳು, ಅದು ಕಪ್ಪಿಟ್ಟಿತ್ತು. ಆ ಸಭಾಂಗಣಕ್ಕೆ ಮಾವ ತಾವೇ ಇಟ್ಟಿಗೆ ಹೊತ್ತಿದ್ದರು. ಅವರ ಕುರ್ಚಿ ಅಲ್ಲಿ, ಕೇರಂ ಬೋರ್ಡು ಅಲ್ಲಿ, ಮಧ್ಯಾಹ್ನದ ನಿದ್ದೆಯೂ ಅಲ್ಲೇ.

“ಅಷ್ಟಕ್ಕೆಲ್ಲ ಆಗಲ್ಲ ಮೇಡಂ,” ಅಂದರು ಮಾವ. “ಬೇಡ ಬಿಡಿ.” ಕುರ್ಚಿ ಹಿಂದೆ ಸರಿಯಿತು. ಸಾಬೂನಿನವರು ಎದ್ದರು, ಪೆಟ್ಟಿಗೆಯವರು ಎದ್ದರು, ಗುಂಡಿಯವರು ಎದ್ದರು. ಬುಗುರಿಯಕ್ಕನ ಹಾಳು ಕಾಲುಗಳು ಅವಳನ್ನು ಕೇಳದೆಯೇ ಎದ್ದು ನಿಂತವು. ಬಾಗಿಲು ದಾಟಿದ ಮೇಲೆಯೇ ತಾನೂ ಹೊರಗೆ ಬಂದಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು.

“ಮೆಲ್ಲಗೆ ನಡೀರಿ,” ಮಾವ ತುಟಿ ಅಲುಗಿಸದೆ ಹೇಳಿದರು. “ಜೋರಾಗಿ ಹೋದ್ರೆ ಕರೆಯೋರಿಗೆ ಕಷ್ಟ.”

ಎಲ್ಲರೂ ಮೆಲ್ಲಗೆ ನಡೆದರು. ಆಮೇಲೆ ಇನ್ನೂ ಮೆಲ್ಲಗೆ. ಸಾಬೂನಿನವರು ಬಗ್ಗಿ ಶೂ ಲೇಸು ಕಟ್ಟತೊಡಗಿದರು. ಅವರು ಹಾಕಿದ್ದು ಚಪ್ಪಲಿ. ಕರೆ ಬರಲಿಲ್ಲ. ಹಿಂದೆ ಬಾಗಿಲು ತೆರೆದ ಸದ್ದಾದಾಗ ಎಲ್ಲರ ಬೆನ್ನೂ ನೆಟ್ಟಗಾಯಿತು. ಹೊರಗೆ ಬಂದವನು ಜವಾನ.

“ಮುಂದಿನ ಸಂಘದವರು ರೆಡಿಯಾಗಿರಿ. ಮೇಡಂ ಟೀ ಕುಡಿದು ಕರೀತಾರೆ.”

ರಾಜ್ಯದ ಇನ್ನೊಂದು ತುದಿಯಿಂದ ಬಂದು ಬೆಂಚಿನ ಮೇಲೆ ಕೂತಿದ್ದವರು ಅಂಗಿ ಸರಿಮಾಡಿಕೊಂಡರು. ಅವರ ನಾಯಕ, ಬಾಗಿಲ ಬಳಿಯೇ ಕೂತು ಒಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದ ಪೊರಕೆ ಕಾರ್ಖಾನೆಯವನು, ಇವರತ್ತ ನೋಡಿ ಹಲ್ಲು ಬಿಟ್ಟ. “ಪ್ರಯೋಗಾಲಯ ಬೇಡ ಅಂದ್ರಾ? ನಮ್ಮಲ್ಲಿ ಒಂದು ಗೋದಾಮು ಖಾಲಿ ಇದೆ.” ಎದ್ದು ಬಂದವರೆಲ್ಲ ಇಂಗು ತಿಂದ ಮಂಗನ ಹಾಗೆ ನಿಂತರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ಬುಗುರಿಯಕ್ಕ ಮಾವನ ತೋಳು ಹಿಡಿದು ಕಿಟಕಿಯ ಕಡೆ ಎಳೆದಳು.

“ಮಾವ, ಈ ಸಲಾನೂ ಸರಕು ತಡವಾದ್ರೆ ನನ್ನ ಕಾರ್ಖಾನೆ ಮುಚ್ಚುತ್ತೆ.”

“ಏನಂದೆ?”

“ನಿಜ ಮಾವ. ಎರಡು ಸಲ ಆಗೋಗಿದೆ. ಮೂರನೇ ಸಲ ಅವರು ಬಿಡಲ್ಲ. ನೀವು ಎಲ್ಲರ ಮುಂದೆ ಹೊಗಳ್ತಿದ್ರಿ, ನನಗೆ ಹೇಳೋಕೆ ನಾಚಿಕೆ ಆಯ್ತು.”

ಮಾವನ ಕಣ್ಣು ತೇವವಾಯಿತು. ಮೀಸೆಯ ಮನುಷ್ಯ ಅಳಬಾರದೆಂದು ಎಲ್ಲೂ ಬರೆದಿಲ್ಲ.

“ನನ್ನ ಹತ್ರ ಎಂಥ ನಾಚಿಕೆಯೇ ಹುಚ್ಚಿ? ಮೊದಲೇ ಹೇಳಿದ್ರೆ ಆ ಸಭಾಂಗಣ ಅಲ್ಲ, ನನ್ನ ಮನೆ ನಡುಮನೇನೇ ಬಿಟ್ಕೊಡ್ತಿದ್ದೆ.”

“ಹಾಗಾದ್ರೆ ಬನ್ನಿ, ಒಳಗೆ ಹೋಗಿ ಹೇಳೋಣ.”

ಮಾವ ಒಂದು ಹೆಜ್ಜೆ ಇಟ್ಟರು. ಬೆಂಚಿನ ಮೇಲಿನ ಪೊರಕೆಯವನನ್ನು ನೋಡಿದರು. ಕಾಲು ಅಲ್ಲೇ ಅಂಟಿಕೊಂಡಿತು. “ಕರೆಯದೆ ಹೇಗೆ ಹೋಗೋದು? ಎದ್ದು ಬಂದವನು ತಾನಾಗಿ ವಾಪಸ್ ಹೋದ್ರೆ ಅವನ ಮಾತಿಗೆ ಆಮೇಲೆ ಮೂರು ಕಾಸಿನ ಬೆಲೆ ಇರಲ್ಲ. ಒಂದೇ ಒಂದು ಸಲ ಕರೆದ್ರೆ ಸಾಕು, ಓಡಿ ಹೋಗ್ತೀನಿ ಕಣಮ್ಮಾ.”

ಬುಗುರಿಯಕ್ಕನಿಗೆ ರೇಗಿತು, ನಗುವೂ ಬಂತು. ಜವಾನ ಬೇಡ ಬೇಡ ಅನ್ನುತ್ತಿದ್ದಂತೆ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದಳು.

ಸಚಿವೆ ಟೀ ಕಪ್ಪು ಹಿಡಿದು ಕೂತಿದ್ದರು. “ಏನಮ್ಮ, ಬುಗುರಿ ಮರೆತು ಹೋದ್ರಾ?”

“ಇಲ್ಲ ಮೇಡಂ, ಬುದ್ಧಿ ಮರೆತು ಹೋಗಿದ್ದೆ. ನಮಗೆ ಪ್ರಯೋಗಾಲಯ ಬೇಕು. ಸಭಾಂಗಣ ಕೊಡ್ತೀವಿ.”

“ಬೇಡ ಅಂತ ನಿಮ್ಮ ಅಧ್ಯಕ್ಷರೇ ಎದ್ದು ಹೋದ್ರಲ್ಲ?”

“ಮೇಡಂ, ನಮ್ಮ ಕಡೆ ವ್ಯಾಪಾರದಲ್ಲಿ ಎದ್ದು ಹೋದ್ರೆ ಬೇಡ ಅಂತ ಅರ್ಥ ಅಲ್ಲ. ತುಂಬಾ ಬೇಕು ಅಂತ ಅರ್ಥ.”

ಸಚಿವೆ ಕಪ್ಪು ಕೆಳಗಿಟ್ಟರು. “ಒಳ್ಳೇ ಕಥೆ! ಆಗಲಿ, ಅಧ್ಯಕ್ಷರು ಬಂದು ತಾವೇ ಒಪ್ಪಿಕೊಳ್ಳಲಿ.”

“ನೀವು ಕರೆದ್ರೆ ಬರ್ತಾರೆ.”

“ನಾನಾ? ತರಗತಿಯಿಂದ ಎದ್ದು ಹೋದವರನ್ನ ನಾನು ಜನ್ಮದಲ್ಲಿ ವಾಪಸ್ ಕರೆದವಳಲ್ಲ.”

ಅತ್ತ ದರಿ, ಇತ್ತ ಪುಲಿ. ಹೊರಗಿನವರು ಕರೆಯದೆ ಬರುವುದಿಲ್ಲ, ಒಳಗಿನವರು ಎದ್ದು ಹೋದವರನ್ನು ಕರೆಯುವುದಿಲ್ಲ. ನಡುವೆ ಒಂದು ಬಾಗಿಲು. ಬುಗುರಿಯಕ್ಕ ಒಂದು ಕ್ಷಣ ಯೋಚಿಸಿದಳು.

“ಮೇಡಂ, ಎದ್ದು ಹೋದ ಹುಡುಗ ಮನೆಗೆ ಹೋಗದೆ ತರಗತಿ ಬಾಗಿಲಲ್ಲೇ ನಿಂತಿದ್ರೆ ಏನರ್ಥ?”

“ಒಳಗೆ ಬರೋ ಆಸೆ ಇದೆ ಅಂತ.”

“ಒಂದ್ಸಲ ಹೊರಗೆ ಇಣುಕಿ ನೋಡಿ.”

ಸಚಿವೆ ಎದ್ದು ಬಾಗಿಲನ್ನು ಚೂರೇ ಸರಿಸಿ ಇಣುಕಿದರು. ಸಾಬೂನಿನವರು ಇನ್ನೂ ಇಲ್ಲದ ಲೇಸು ಕಟ್ಟುತ್ತಿದ್ದರು. ಅಧ್ಯಕ್ಷರು ಗೋಡೆಗೆ ಮೂಗು ತಾಗಿಸಿಕೊಂಡು, ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಸೂಚನಾ ಫಲಕವನ್ನು ಭಕ್ತಿಯಿಂದ ಓದುತ್ತಿದ್ದರು.

“ಕನ್ನಡಕ ಇಲ್ಲದೆ ಅವರಿಗೆ ಒಂದಕ್ಷರ ಕಾಣಲ್ಲ,” ಅಂದಳು ಬುಗುರಿಯಕ್ಕ. “ಕನ್ನಡಕ ನಿಮ್ಮ ಮೇಜಿನ ಮೇಲಿದೆ.”

ಸಚಿವೆ ಬಾಯಿಗೆ ಸೆರಗು ಒತ್ತಿಕೊಂಡರು. ನಗು ನಿಲ್ಲಲು ಕೊಂಚ ಹೊತ್ತು ಬೇಕಾಯಿತು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದು, ಆಟದ ಮೈದಾನದ ಆಚೆ ತುದಿಗೆ ಕೇಳಿಸಿ ರೂಢಿಯಿದ್ದ ಗಂಟಲಿನಲ್ಲಿ ಕೂಗಿದರು: “ಏನ್ರೀ ಅಧ್ಯಕ್ಷರೇ, ಎಲ್ಲಿಗೆ ಹೊರಟ್ರಿ? ಬನ್ನಿ ಇಲ್ಲಿ! ಮಾತು ಇನ್ನೂ ಮುಗಿದಿಲ್ಲ!”

ಇಡೀ ಕಚೇರಿಗೆ ಕೇಳಿಸಿತು. ಪೊರಕೆಯವನ ನಗು ಮಾಯವಾಯಿತು. ಮಾವ ನಿಧಾನವಾಗಿ ತಿರುಗಿದರು, ಶಾಲು ಕೊಡವಿದರು, ‘ನೋಡಿದ್ರಾ?’ ಎಂಬಂತೆ ಸಾಬೂನಿನವರಿಗೆ ಹುಬ್ಬು ಹಾರಿಸಿದರು. ನಂತರ ಹೇಳಿದ್ದಂತೆಯೇ ನಿಜವಾಗಿ ಓಡಿ ಬಂದರು.

“ಸಭಾಂಗಣ ಕೊಟ್ಟೆ ಮೇಡಂ, ಸಂತೋಷವಾಗಿ ಕೊಟ್ಟೆ. ಆದ್ರೆ ನನ್ನ ಕುರ್ಚಿ ಅಲ್ಲೇ ಇರಬೇಕು.”

“ಕುರ್ಚಿಗೆ ಒಪ್ಪಿದೆ.”

“ಕೇರಂ ಬೋರ್ಡು?”

“ಅಧ್ಯಕ್ಷರೇ, ನಾನು ಮತ್ತೆ ಕರೆಯೋದಿಲ್ಲ.”

“ಬೇಡ ಬೇಡ, ಕುರ್ಚಿ ಸಾಕು,” ಎಂದು ಮಾವ ಕನ್ನಡಕ ಏರಿಸಿಕೊಂಡರು.

ಸಚಿವೆ ಆಡಿದ ಮಾತಿಗೆ ತಪ್ಪಲಿಲ್ಲ. ಗಾಜಿನ ನಳಿಕೆ, ತಕ್ಕಡಿ, ಗುರ್ ಎನ್ನುವ ಯಂತ್ರಗಳೆಲ್ಲ ಬಂದವು. ಅವುಗಳ ನಡುವೆ ಮಾವನ ಕುರ್ಚಿಯೂ ಉಳಿಯಿತು. ಮೊದಲ ಮಾದರಿಯಾಗಿ ಹೋದದ್ದು ಬುಗುರಿಯಕ್ಕನ ಬಣ್ಣಗಳು. ಯಂತ್ರದ ಸದ್ದಿಗೆ ಮಾವನಿಗೆ ಆ ಮಧ್ಯಾಹ್ನ ನಿದ್ದೆ ಬರಲಿಲ್ಲ. ಸೊಸೆಯ ಪರೀಕ್ಷೆ ನಡೆಯುವಾಗ ಹೇಗೂ ಬರುತ್ತಿರಲಿಲ್ಲ. ಪ್ರಮಾಣಪತ್ರ ಕೈಗೆ ಬಂದಾಗ ಬಣ್ಣದ ಹೆಂಗಸರೆಲ್ಲ ಕುಂಚ ಹಿಡಿದೇ ಓಡಿ ಬಂದರು, ಮಾವನ ಬಿಳಿ ಶಾಲು ಅಲ್ಲಲ್ಲಿ ಹಸಿರು ಹಳದಿಯಾಯಿತು. ಸರಕು ಹೇಳಿದ ದಿನಕ್ಕಿಂತ ಮೊದಲೇ ಹೊರಟಿತು. ಖರೀದಿದಾರರು ಇನ್ನಷ್ಟು ಆನೆ ಕೇಳಿದರು.

ಕೆಲಸ ಶುರುವಾದ ಮೇಲೆ ವಿಧಿವತ್ತಾದ ಉದ್ಘಾಟನೆಗೆ ಸಚಿವೆ ಬಂದರು. ರಿಬ್ಬನ್ನು ಕತ್ತರಿಸಿ, ಭಾಷಣ ಮುಗಿಸಿ, ಅಂಗಳದಲ್ಲಿ ಸಂಘದವರು ಜೋಡಿಸಿದ್ದ ಮಳಿಗೆಗಳನ್ನು ನೋಡುತ್ತಾ ಬುಗುರಿಯಕ್ಕನ ಮುಂದೆ ನಿಂತರು. ಕೆಂಪು ಬುಗುರಿಯೊಂದನ್ನು ಎತ್ತಿ ಮೇಜಿನ ಮೇಲೆ ಆಡಿಸಿದರು.

“ಮೊಮ್ಮಗಳಿಗೆ. ಎಷ್ಟಮ್ಮ?”

ಸುಮ್ಮನೆ ತಗೊಳ್ಳಿ ಅಂದರೆ ಆಕೆ ಒಪ್ಪಲಿಲ್ಲ. ಬುಗುರಿಯಕ್ಕ ಬೆಲೆ ಹೇಳಿದಳು. ಸಚಿವೆ ಮುಖ ಸಣ್ಣದು ಮಾಡಿದರು. ಬುಗುರಿಯನ್ನು ಇದ್ದಲ್ಲೇ ಇಟ್ಟರು.

“ಅಷ್ಟಕ್ಕೆಲ್ಲ ಆಗಲ್ಲ. ಬೇಡ ಬಿಡಿ,” ಎಂದು ತಿರುಗಿ ನಡೆದೇಬಿಟ್ಟರು. ಮೆಲ್ಲಗೆ ನಡೆದರು. ಆಮೇಲೆ ಇನ್ನೂ ಮೆಲ್ಲಗೆ. ಕಾರಿನ ಹತ್ತಿರ ನಿಂತು ಯಾವುದೋ ಗಿಡದ ಎಲೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮಳಿಗೆಯ ಹಿಂದೆಯೇ ಇದ್ದ ಸಭಾಂಗಣದ ಕಿಟಕಿಯಿಂದ ಮಾವ ಇದನ್ನೆಲ್ಲ ಕಂಡು ಕುರ್ಚಿಯಿಂದ ಅರ್ಧ ಎದ್ದಿದ್ದರು. ಅವರ ಮುಖ ಮೀಸೆಯ ತುದಿಯವರೆಗೂ ಅರಳಿತ್ತು.

“ಈಗಲೇ ಕರೀಬೇಡ ಕಣೇ,” ಎಂದು ಪಿಸುಗುಟ್ಟಿದರು. “ಚೆನ್ನಾಗಿ ಮಾಡ್ತಿದಾರೆ, ಕಾರಿನ ಬಾಗಿಲು ತೆಗೆಯೋವರೆಗೂ ಇರು.”

ಆದರೆ ಹೊರಗೆ ನಿಂತು ಕರೆಗೆ ಕಾಯುವುದೆಂದರೆ ಏನೆಂದು ಬುಗುರಿಯಕ್ಕನಿಗೆ ಗೊತ್ತಿತ್ತು. ಅವಳು ಬುಗುರಿ ಎತ್ತಿಕೊಂಡು, ಎರಡೂ ಕೈ ಬೀಸಿ, ಅಂಗಳವೆಲ್ಲ ಕೇಳುವಂತೆ ಕೂಗಿದಳು: “ಮೇಡಂ, ಬನ್ನಿ ಬನ್ನಿ! ನೀವು ಹೇಳಿದ್ದೇ ಆಗಲಿ!”